ಆಕ್ಸೊಲಾಟಲ್ ತೊಟ್ಟಿಗೆ ಸುರಕ್ಷಿತ ಮರಳಿನ ಆಯ್ಕೆ: ಕಣಗಾತ್ರ, ಪರೀಕ್ಷೆ ಮತ್ತು ನಿರ್ವಹಣೆ

ಪೀಠಿಕೆ

ಅಲಂಕಾರಿಕ ಮೀನು ಸಾಕಣೆಯನ್ನು ಉಪಕಸುಬಾಗಿ ಕೈಗೊಂಡಿರುವ ಕೃಷಿ ಕುಟುಂಬಗಳು ರಾಜ್ಯದ ಹಲವೆಡೆ ಇವೆ. ಗಾಜಿನ ತೊಟ್ಟಿಗಳ ಈ ಹವ್ಯಾಸ ಮತ್ತು ವ್ಯಾಪಾರದೊಳಗೆ ‘ನಡೆಯುವ ಮೀನು’ ಎಂಬ ಹೆಸರಿನಲ್ಲಿ ಆಕ್ಸೊಲಾಟಲ್ ಕೂಡ ಸೇರಿಕೊಂಡಿದೆ. ಹೆಸರಿನಲ್ಲಿ ಮೀನು ಎಂದಿದ್ದರೂ ಇದು ಮೀನಲ್ಲ. ಕಪ್ಪೆಯಂತೆ ಉಭಯಚರ ವರ್ಗಕ್ಕೆ ಸೇರಿದ ಸಲಮಾಂಡರ್. ಮೀನಿನ ತೊಟ್ಟಿಗೆ ಹಾಕುವ ಬಣ್ಣದ ಹರಳುಕಲ್ಲುಗಳನ್ನೇ ಇದರ ತೊಟ್ಟಿಗೂ ಹಾಕುವುದರಿಂದ ಪ್ರಾಣಿಯು ಕಲ್ಲು ನುಂಗಿ, ಕರುಳು ಕಟ್ಟಿಕೊಂಡು, ಕೆಲವು ವಾರಗಳ ನಂತರ ಸಾಯುವ ಸಂದರ್ಭಗಳು ಉಂಟಾಗುತ್ತವೆ. ಹಾನಿಯು ಕೂಡಲೇ ಕಾಣದಿರುವುದರಿಂದ ಸಾವಿನ ಕಾರಣ ಸಾಕುವವರಿಗೆ ತಿಳಿಯುವುದೂ ಇಲ್ಲ.

ಮರಳು ಎಂಬುದು ಮಣ್ಣು ವಿಜ್ಞಾನದ ನಿತ್ಯದ ವಸ್ತು. ಅದರ ಕಣಗಾತ್ರ, ಸುಣ್ಣದ ಅಂಶ, ಲವಣಾಂಶ ಹಾಗೂ ನೀರಿನಡಿಯಲ್ಲಿ ಅದರೊಳಗೆ ನಡೆಯುವ ರಾಸಾಯನಿಕ ಬದಲಾವಣೆಗಳನ್ನು ಅಳೆಯುವ ಸರಳ ವಿಧಾನಗಳು ಕೃಷಿ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಆ ವಿಧಾನಗಳನ್ನೇ ಬಳಸಿ ಆಕ್ಸೊಲಾಟಲ್ ತೊಟ್ಟಿಗೆ ಸೂಕ್ತವಾದ ಮರಳನ್ನು ಆರಿಸಿಕೊಳ್ಳುವ ಕ್ರಮವನ್ನು ರೈತ ಬಾಂಧವರು ಹಾಗೂ ವಿಸ್ತರಣಾ ಕಾರ್ಯಕರ್ತರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಪ್ರಾಣಿಯ ಮೂಲ ನೆಲೆ

ಆಕ್ಸೊಲಾಟಲ್‌ನ ಸಹಜ ನೆಲೆ ಮೆಕ್ಸಿಕೊ ನಗರದ ದಕ್ಷಿಣ ಭಾಗದಲ್ಲಿರುವ ಸೊಚಿಮಿಲ್ಕೊ ಸರೋವರ ಪ್ರದೇಶ. ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದ ನೀರು ವರ್ಷದ ಬಹುಭಾಗ ತಂಪಾಗಿರುತ್ತದೆ. ಹಿಂದಿನ ಸರೋವರದಲ್ಲಿ ಇಂದು ಉಳಿದಿರುವುದು ಮುಖ್ಯವಾಗಿ ಕಾಲುವೆಗಳ ಜಾಲ. ಕಾಲುವೆಗಳ ನಡುವೆ ‘ಚಿನಾಂಪಾ’ ಎಂಬ ಕೃಷಿ ದಿಬ್ಬಗಳಿವೆ. ಸರೋವರದ ತಳದ ಕೆಸರು ಮತ್ತು ಜಲಸಸ್ಯಗಳನ್ನು ಪದರ ಪದರವಾಗಿ ಪೇರಿಸಿ, ಅಂಚಿನಲ್ಲಿ ಮರಗಳನ್ನು ನೆಟ್ಟು ನಿರ್ಮಿಸಿದ ಈ ದಿಬ್ಬಗಳ ಮೇಲೆ ಅಲ್ಲಿನ ರೈತರು ಶತಮಾನಗಳಿಂದ ತರಕಾರಿ, ಮೆಕ್ಕೆಜೋಳ ಹಾಗೂ ಹೂವುಗಳನ್ನು ಬೆಳೆಯುತ್ತಾ ಬಂದಿದ್ದಾರೆ. ಕಾಲುವೆಯ ಕೆಸರನ್ನೇ ಮೇಲೆತ್ತಿ ಸಸಿಮಡಿಗೆ ಬಳಸುವುದು ಅವರ ರೂಢಿ. 1987ರಲ್ಲಿ ಈ ಪ್ರದೇಶವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನೀರಿನ ಮಾಲಿನ್ಯ, ನಗರದ ವಿಸ್ತರಣೆ ಹಾಗೂ ಹೊರಗಿನಿಂದ ತಂದು ಬಿಟ್ಟ ಗೆಂಡೆ ಮತ್ತು ತಿಲಾಪಿಯ ಮೀನುಗಳ ಹಾವಳಿಯಿಂದ ಆಕ್ಸೊಲಾಟಲ್ ಅಲ್ಲಿ ಅಳಿವಿನ ಅಂಚಿಗೆ ಬಂದಿದೆ. 1998ರ ಸಮೀಕ್ಷೆಯಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 6,000ದಷ್ಟಿದ್ದ ಸಂಖ್ಯೆ 2014ರ ವೇಳೆಗೆ ಸುಮಾರು 36ಕ್ಕೆ ಇಳಿದಿತ್ತು. ಮೆಕ್ಸಿಕೊ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ವಿಜ್ಞಾನಿಗಳು ಚಿನಾಂಪಾ ರೈತರ ಜೊತೆಗೂಡಿ, ಕಾಲುವೆಗಳ ಬಾಯಿಗೆ ಸೋಸುವ ತಡೆಗಳನ್ನು ಕಟ್ಟಿ, ಈ ಪ್ರಾಣಿಗೆ ಆಶ್ರಯ ತಾಣಗಳನ್ನು ನಿರ್ಮಿಸುವ ಕಾರ್ಯದಲ್ಲಿ ತೊಡಗಿದ್ದಾರೆ. ಪ್ರಪಂಚದಾದ್ಯಂತ ತೊಟ್ಟಿಗಳಲ್ಲಿರುವ ಆಕ್ಸೊಲಾಟಲ್‌ಗಳು ಸಾಕಣೆಯಲ್ಲಿಯೇ ತಲೆಮಾರುಗಳಿಂದ ಬೆಳೆದು ಬಂದವು.

ನಮ್ಮ ವಿಷಯಕ್ಕೆ ಇಲ್ಲಿಂದ ಪಡೆಯಬೇಕಾದ ಅಂಶ ಒಂದೇ. ಈ ಪ್ರಾಣಿಯು ರೂಪುಗೊಂಡಿದ್ದು ಮೃದುವಾದ, ನುಣುಪಾದ ಕೆಸರಿನ ತಳದ ಮೇಲೆ. ಹರಳುಕಲ್ಲಿನ ಹೊಳೆಯಲ್ಲಿ ಅಲ್ಲ. ಬೇಟೆಯೊಡನೆ ತಳದ ವಸ್ತು ಬಾಯಿಗೆ ಹೋದರೂ ಅಂತಹ ನೆಲೆಯಲ್ಲಿ ಅದು ಮಲದೊಡನೆ ಹೊರಬೀಳುತ್ತದೆ. ಆದರೆ ಕೆಸರನ್ನು ಗಾಜಿನ ತೊಟ್ಟಿಗೆ ತುಂಬಲಾಗದು. ನೀರು ಕದಡುತ್ತದೆ, ಸಾವಯವ ಅಂಶ ಕೊಳೆತು ಆಮ್ಲಜನಕ ಕುಸಿಯುತ್ತದೆ. ಆದುದರಿಂದ ಕೆಸರಿನ ಮೃದುತ್ವಕ್ಕೆ ಹತ್ತಿರವಾಗಿಯೂ ನೀರನ್ನು ಕೆಡಿಸದಂತೆಯೂ ಇರುವ ಸಣ್ಣ ಮರಳೇ ಸೂಕ್ತವಾದ ಆಯ್ಕೆ.

ಕಲ್ಲು ನುಂಗುವುದೇಕೆ?

ಬೆಳೆದ ಆಕ್ಸೊಲಾಟಲ್ ಸಾಮಾನ್ಯವಾಗಿ 20ರಿಂದ 30 ಸೆಂ.ಮೀ. ಉದ್ದವಿರುತ್ತದೆ. ಅದರ ದೃಷ್ಟಿ ಮಂದ. ವಾಸನೆ ಮತ್ತು ನೀರಿನ ಅಲುಗಾಟದಿಂದ ಆಹಾರವನ್ನು ಗುರುತಿಸುತ್ತದೆ. ಆಹಾರ ಸಮೀಪಿಸಿದೊಡನೆ ಬಾಯಿಯನ್ನು ಥಟ್ಟನೆ ತೆರೆದು, ಸುತ್ತಲಿನ ನೀರಿನೊಡನೆ ಅದನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಹಲ್ಲುಗಳು ಹಿಡಿದುಕೊಳ್ಳಲು ಮಾತ್ರ, ಅಗಿಯಲು ಅಲ್ಲ. ಹೀಗಾಗಿ ತಳದಲ್ಲಿ ಬಿದ್ದ ಎರೆಹುಳುವನ್ನು ಹೀರುವಾಗ ಅದರ ಪಕ್ಕದ ಕಲ್ಲೂ ಹೊಟ್ಟೆ ಸೇರುತ್ತದೆ.

ಕಣದ ಗಾತ್ರ ಚಿಕ್ಕದಿದ್ದಷ್ಟೂ ಅದು ಕರುಳಿನ ಮೂಲಕ ಸಾಗಿ ಹೊರಬರುವ ಸಾಧ್ಯತೆ ಹೆಚ್ಚು. ಬಾಯಿಗೆ ಹಿಡಿಯುವಷ್ಟು ಚಿಕ್ಕದಾಗಿ, ಕರುಳನ್ನು ದಾಟಲಾರದಷ್ಟು ದೊಡ್ಡದಾಗಿರುವ ಕಲ್ಲೇ ಅತ್ಯಂತ ಅಪಾಯಕಾರಿ. ಮಾರುಕಟ್ಟೆಯಲ್ಲಿ ದೊರೆಯುವ 2 ಮಿ.ಮೀ.ನಿಂದ 20 ಮಿ.ಮೀ. ವರೆಗಿನ ಅಲಂಕಾರಿಕ ಹರಳುಗಳು, ಗಾಜಿನ ಗೋಲಿಗಳು ಹಾಗೂ ಬಣ್ಣದ ಚಿಪ್ಸ್‌ಗಳೆಲ್ಲ ಈ ಗುಂಪಿಗೆ ಸೇರುತ್ತವೆ. ಪ್ರಾಣಿಯ ತಲೆಗಿಂತ ದೊಡ್ಡದಾದ, ಮೊನೆಯಿಲ್ಲದ ಕಲ್ಲುಗಳನ್ನು ನುಂಗಲು ಆಗದು, ಅವುಗಳನ್ನು ಇಡಬಹುದು.

ಸೂಕ್ತ ಕಣಗಾತ್ರ

ಮರಳಿನ ಕಣಗಾತ್ರಕ್ಕೆ ಎರಡು ಮಿತಿಗಳಿವೆ. ಮೇಲಿನ ಮಿತಿಯನ್ನು ನಿರ್ಧರಿಸುವುದು ಪ್ರಾಣಿಯ ಕರುಳು. ಕೆಳಗಿನ ಮಿತಿಯನ್ನು ನಿರ್ಧರಿಸುವುದು ಅದರ ಕಿವಿರು ಮತ್ತು ತೊಟ್ಟಿಯ ಶೋಧಕ. ಈ ಎರಡನ್ನೂ ಗಮನದಲ್ಲಿಟ್ಟುಕೊಂಡು ಕೆಳಗಿನ ವರ್ಗೀಕರಣವನ್ನು ಅನುಸರಿಸಬಹುದು.

• 2 ಮಿ.ಮೀ.ಗಿಂತ ದೊಡ್ಡ ಕಣ (ಹರಳು, ಜಲ್ಲಿ): ಸಂಪೂರ್ಣವಾಗಿ ವರ್ಜ್ಯ.
• 1ರಿಂದ 2 ಮಿ.ಮೀ. (ಅತಿ ದಪ್ಪ ಮರಳು): ಬಳಸಬಾರದು.
• 0.5ರಿಂದ 1 ಮಿ.ಮೀ. (ದಪ್ಪ ಮರಳು): ಪೂರ್ಣವಾಗಿ ಬೆಳೆದ ಪ್ರಾಣಿಗೆ ಮಾತ್ರ, ಬೇರೆ ದೊರೆಯದಿದ್ದಲ್ಲಿ.
• 0.25ರಿಂದ 0.5 ಮಿ.ಮೀ. (ಮಧ್ಯಮ ಮರಳು): ಅತ್ಯಂತ ಸೂಕ್ತ.
• 0.1ರಿಂದ 0.25 ಮಿ.ಮೀ. (ಸಣ್ಣ ಮರಳು): ನುಂಗಿದರೂ ಅಪಾಯ ಕಡಿಮೆ, ಆದರೆ ಬೇಗ ಕದಡುತ್ತದೆ, ಗಟ್ಟಿಯಾಗಿ ಕೂರುತ್ತದೆ.
• 0.1 ಮಿ.ಮೀ.ಗಿಂತ ಚಿಕ್ಕದು (ಅತಿ ಸಣ್ಣ ಮರಳು, ಗೋಡು, ಜೇಡಿ): ತೊಳೆದು ತೆಗೆಯಬೇಕು.

ನಿತ್ಯದ ಹೋಲಿಕೆಯಲ್ಲಿ ಹೇಳುವುದಾದರೆ, ಕಣವು ಪುಡಿ ಉಪ್ಪು ಅಥವಾ ಸಣ್ಣ ರವೆಯಷ್ಟಿರಬೇಕು. ರಾಗಿ ಕಾಳಿನಷ್ಟು ದಪ್ಪದ ಕಣಗಳು ಕಂಡುಬಂದರೆ ಆ ಮರಳು ಸೂಕ್ತವಲ್ಲ. ಜರಡಿ ಲಭ್ಯವಿಲ್ಲದಿದ್ದಲ್ಲಿ ಹತ್ತು ಕಣಗಳನ್ನು ಅಳತೆಪಟ್ಟಿಯ ಪಕ್ಕದಲ್ಲಿ ಸಾಲಾಗಿ ಜೋಡಿಸಿ ನೋಡಬೇಕು. ಸಾಲಿನ ಉದ್ದ 3ರಿಂದ 5 ಮಿ.ಮೀ. ಇದ್ದರೆ ಉತ್ತಮ, 10 ಮಿ.ಮೀ. ಮುಟ್ಟಿದರೆ ಮರಳನ್ನು ತಿರಸ್ಕರಿಸಬೇಕು.

ಸುಮಾರು 12ರಿಂದ 15 ಸೆಂ.ಮೀ. ಉದ್ದಕ್ಕೆ ಬೆಳೆಯುವವರೆಗೆ ಮರಿಗಳಿಗೆ ಯಾವ ಮರಳನ್ನೂ ಹಾಕಬಾರದು. ಅವುಗಳ ಕರುಳು ತೀರ ಸಣ್ಣದಾಗಿದ್ದು, ಸಣ್ಣ ಮರಳೂ ತೊಂದರೆ ಉಂಟುಮಾಡಬಲ್ಲದು. ಮರಿಗಳನ್ನು ಬರಿಯ ಗಾಜಿನ ತಳದ ತೊಟ್ಟಿಯಲ್ಲಿಯೇ ಬೆಳೆಸುವುದು ಕ್ಷೇಮ.

ಮರಳಿನ ಮೂಲಗಳು: ಯಾವುದು ಸೂಕ್ತ, ಯಾವುದು ಅಲ್ಲ

1. ಸಿಲಿಕಾ ಮರಳು (ನೀರು ಶೋಧಕಗಳಲ್ಲಿ ಬಳಸುವುದು): ತೊಳೆದು, ಜರಡಿ ಹಿಡಿದು, ಶ್ರೇಣೀಕರಿಸಿ ಮಾರಲಾಗುವ ಈ ಮರಳು ಬಹುಮಟ್ಟಿಗೆ ಶುದ್ಧ ಸ್ಫಟಿಕಶಿಲೆಯಾಗಿದ್ದು, ನೀರಿನ ಗುಣವನ್ನು ಬದಲಿಸುವುದಿಲ್ಲ. ಶ್ರೇಣಿಯನ್ನು ಮೆಶ್ ಸಂಖ್ಯೆಯಲ್ಲಿ ಸೂಚಿಸುತ್ತಾರೆ; ಸಂಖ್ಯೆ ಹೆಚ್ಚಿದಷ್ಟೂ ಕಣ ಚಿಕ್ಕದು. 30/60 ಮೆಶ್ ಎಂದರೆ ಸುಮಾರು 0.6ರಿಂದ 0.25 ಮಿ.ಮೀ.; ಇದು ಅತ್ಯುತ್ತಮ. 20/40 ಮೆಶ್ ಎಂದರೆ ಸುಮಾರು 0.85ರಿಂದ 0.42 ಮಿ.ಮೀ.; ಬೆಳೆದ ಪ್ರಾಣಿಗೆ ಆಗಬಹುದು. 16/30 ಮೆಶ್ ದಪ್ಪವಾಗಿದ್ದು ಬಳಸತಕ್ಕದ್ದಲ್ಲ. ಶೋಧಕದ ಮರಳಿನೊಡನೆ ಮಾರುವ ಹರಳುಗಳನ್ನು ಕೊಳ್ಳಬಾರದು.

2. ಹೊಳೆ ಮತ್ತು ಹಳ್ಳದ ಮರಳು: ಕಣಗಳು ಉರುಟಾಗಿರುವುದು ಇದರ ಅನುಕೂಲ. ಆದರೆ ಗಾತ್ರ ಮಿಶ್ರವಾಗಿರುತ್ತದೆ. ಉತ್ತರ ಕರ್ನಾಟಕದ ಕಪ್ಪುಮಣ್ಣಿನ ಪ್ರದೇಶದ ಹಳ್ಳಗಳಲ್ಲಿ ಸುಣ್ಣದ ಹರಳುಗಳು ಬೆರೆತಿರುತ್ತವೆ. ಮಲೆನಾಡಿನ ಅಡಿಕೆ ತೋಟಗಳ ನಡುವೆ ಹರಿಯುವ ಹಳ್ಳಗಳಲ್ಲಿ ಬೋರ್ಡೋ ದ್ರಾವಣದ ತಾಮ್ರವು ಗೋಡು ಮತ್ತು ಸಾವಯವ ಕಣಗಳಿಗೆ ಅಂಟಿಕೊಂಡಿರುವ ಸಂಭವವಿದೆ. ತಾಮ್ರವು ಉಭಯಚರಗಳಿಗೆ ವಿಷ. ಇದಲ್ಲದೆ ಮರಳು ತೆಗೆಯುವುದು ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿದೆ. ಈ ಕಾರಣಗಳಿಂದ ಇದು ಎರಡನೆಯ ಆಯ್ಕೆಯೂ ಅಲ್ಲ.

3. ಎಂ-ಸ್ಯಾಂಡ್ ಮತ್ತು ಪಿ-ಸ್ಯಾಂಡ್: ಕಲ್ಲನ್ನು ಪುಡಿಮಾಡಿ ತಯಾರಿಸುವುದರಿಂದ ಕಣಗಳು ಮೊನಚಾಗಿರುತ್ತವೆ, ನುಣ್ಣನೆಯ ಕಲ್ಲುಪುಡಿಯೂ ಅಧಿಕ. ಆಕ್ಸೊಲಾಟಲ್ ತಳದ ಮೇಲೆಯೇ ಹೊಟ್ಟೆಯೂರಿ ಮಲಗುವ ಪ್ರಾಣಿ. ಅದರ ಚರ್ಮ ಬಹಳ ಮೃದು. ಆದುದರಿಂದ ಇವೆರಡೂ ಸೂಕ್ತವಲ್ಲ.

4. ಕಟ್ಟಡ ಕಾಮಗಾರಿಯ ಸ್ಥಳದ ಮರಳು: ಸಿಮೆಂಟಿನ ಅಂಶ ಬೆರೆತಿರುವ ಸಾಧ್ಯತೆಯಿದ್ದು, ನೀರಿನ ಪಿಎಚ್ ತೀವ್ರವಾಗಿ ಏರುತ್ತದೆ. ಬಳಸಬಾರದು.

5. ಕಡಲ ಮರಳು: ಉಪ್ಪು ಹಾಗೂ ಚಿಪ್ಪಿನ ಚೂರುಗಳಿರುತ್ತವೆ. ಉಪ್ಪನ್ನು ತೊಳೆಯಬಹುದು, ಚಿಪ್ಪಿನ ಸುಣ್ಣವನ್ನು ತೊಳೆಯಲಾಗದು. ಸಮುದ್ರ ಮೀನಿನ ತೊಟ್ಟಿಗಳಿಗಾಗಿ ಮಾರುವ ಹವಳದ ಮರಳೂ ಇದೇ ಕಾರಣಕ್ಕೆ ವರ್ಜ್ಯ.

6. ನರ್ಸರಿ ಮರಳು: ಗೊಬ್ಬರ, ಶಿಲೀಂಧ್ರನಾಶಕ ಅಥವಾ ಕೀಟನಾಶಕ ಸೋಕಿರುವ ಸಂಭವವಿರುವುದರಿಂದ ಸಸಿಮಡಿ ಹಾಗೂ ಪಾಲಿಹೌಸ್‌ಗಳಲ್ಲಿ ಉಳಿದ ಮರಳನ್ನು ಎಂದಿಗೂ ಬಳಸಬಾರದು.

7. ಬಣ್ಣ ಹಚ್ಚಿದ ಮರಳು: ಬಣ್ಣ ಮತ್ತು ಅಂಟು ನೀರಿಗೆ ಬಿಡುವ ಸಾಧ್ಯತೆ ಇರುವುದರಿಂದ ಬೇಡ.

ಸುಣ್ಣ ಮತ್ತು ಪಿಎಚ್‌ಗೆ ಇಷ್ಟು ಮಹತ್ವವೇಕೆ?

ಸುಣ್ಣಯುಕ್ತ ಮಣ್ಣಿನ ಮೇಲೆ ಯೂರಿಯಾ ಎರಚಿದರೆ ಸಾರಜನಕವು ಅಮೋನಿಯಾ ಅನಿಲವಾಗಿ ನಷ್ಟವಾಗುವುದು ರೈತರಿಗೆ ತಿಳಿದ ಸಂಗತಿ. ತೊಟ್ಟಿಯಲ್ಲಿಯೂ ನಡೆಯುವುದು ಅದೇ ರಸಾಯನ ಕ್ರಿಯೆ. ಪ್ರಾಣಿಯ ಮಲ ಮತ್ತು ಉಳಿದ ಆಹಾರದಿಂದ ನೀರಿಗೆ ಸೇರುವ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ರೂಪ ಅಷ್ಟಾಗಿ ಅಪಾಯಕರವಲ್ಲ. ಮುಕ್ತ ಅಮೋನಿಯಾ ಕಿವಿರನ್ನು ಸುಡುವ ವಿಷ. 20 ಡಿಗ್ರಿ ಸೆಲ್ಸಿಯಸ್ ತಾಪಮಾನದ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಸುಮಾರು ಶೇ 0.4 ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಅದು ಸುಮಾರು ಶೇ 4ಕ್ಕೂ, ಪಿಎಚ್ 9ರಲ್ಲಿ ಸುಮಾರು ಶೇ 28ಕ್ಕೂ ಏರುತ್ತದೆ. ಮರಳು ಪಿಎಚ್ ಏರಿಸಿದರೆ ಅದೇ ಪ್ರಮಾಣದ ಕಶ್ಮಲವು ಹಲವು ಪಟ್ಟು ಹೆಚ್ಚು ವಿಷವಾಗುತ್ತದೆ ಎಂಬುದನ್ನು ಇದರಿಂದ ಅರಿಯಬಹುದು.

ಆಕ್ಸೊಲಾಟಲ್‌ಗೆ ಪಿಎಚ್ 6.5ರಿಂದ 8ರವರೆಗಿನ, ಸ್ವಲ್ಪ ಗಡಸಾದ ನೀರು ಒಗ್ಗುತ್ತದೆ. ಕೊಳವೆಬಾವಿಯ ನೀರು ಈಗಾಗಲೇ ಗಡಸಾಗಿರುವ ಕಡೆ ಮರಳಿನಿಂದ ಮತ್ತಷ್ಟು ಸುಣ್ಣ ಸೇರದಂತೆ ಎಚ್ಚರ ವಹಿಸಬೇಕು.

ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆಗಳು

ಇಡೀ ಚೀಲವನ್ನು ಕೊಳ್ಳುವ ಮೊದಲು ಅರ್ಧ ಕಿಲೋದಷ್ಟು ಮಾದರಿಯನ್ನು ತಂದು ಕೆಳಗಿನ ಪರೀಕ್ಷೆಗಳನ್ನು ಕ್ರಮವಾಗಿ ಮಾಡುವುದು ಸೂಕ್ತ.

1. ಜರಡಿ ಪರೀಕ್ಷೆ: ಮಾದರಿಯನ್ನು 1 ಮಿ.ಮೀ. ಜರಡಿಯಲ್ಲಿ ನೀರಿನೊಡನೆ ಸೋಸಬೇಕು. ಜರಡಿಯ ಮೇಲೆ ಬೆರಳೆಣಿಕೆಯ ಕಣಗಳಿಗಿಂತ ಹೆಚ್ಚು ಉಳಿದರೆ, ಇಡೀ ಮರಳನ್ನು ಸೋಸದೆ ಬಳಸುವಂತಿಲ್ಲ. ಮಣ್ಣು ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ 2 ಮಿ.ಮೀ. ಜರಡಿ ಇದಕ್ಕೆ ಸಾಲದು.

2. ಸ್ಪರ್ಶ ಪರೀಕ್ಷೆ: ಒದ್ದೆ ಮರಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಬೇಕು. ಚುಚ್ಚಿದಂತಾದರೆ ಕಣ ಮೊನಚಾಗಿದೆ ಎಂದರ್ಥ. ಭೂತಗನ್ನಡಿಯಲ್ಲಿ ನೋಡಿದಾಗ ಅಂಚುಗಳು ಉರುಟಾಗಿ ಕಾಣಬೇಕು.

3. ಸೀಸೆ ಪರೀಕ್ಷೆ: ಪಾರದರ್ಶಕ ಸೀಸೆಯಲ್ಲಿ ಕಾಲು ಭಾಗ ಮರಳು, ಮುಕ್ಕಾಲು ಭಾಗ ನೀರು ತುಂಬಿ ಚೆನ್ನಾಗಿ ಕುಲುಕಿ ಇಡಬೇಕು. 0.05 ಮಿ.ಮೀ. ಗಾತ್ರದ ಕಣವು ನೀರಿನಲ್ಲಿ 10 ಸೆಂ.ಮೀ. ಕೆಳಗಿಳಿಯಲು ಸುಮಾರು 45 ಸೆಕೆಂಡು ಬೇಕು. ಆದುದರಿಂದ ಒಂದು ನಿಮಿಷದ ನಂತರವೂ ನೀರು ಕದಡಿದ್ದರೆ ಅದರಲ್ಲಿರುವುದು ಗೋಡು ಮತ್ತು ಜೇಡಿ. ನಾಲ್ಕಾರು ಬಾರಿ ತೊಳೆದ ನಂತರವೂ ಕದಡು ಕಡಿಮೆಯಾಗದಿದ್ದರೆ ಆ ಮರಳು ಬೇಡ.

4. ಸುಣ್ಣದ ಪರೀಕ್ಷೆ: ಒಂದು ಚಮಚ ಒಣ ಮರಳನ್ನು ಕುಟ್ಟಿ, ಅದರ ಮೇಲೆ ವಿನೆಗರ್ ಅಥವಾ ನಿಂಬೆರಸ ಹಾಕಿ ಕಿವಿಗೆ ಹತ್ತಿರ ಹಿಡಿದು ಆಲಿಸಬೇಕು. ಗುಳ್ಳೆ ಏಳುವುದು ಕಂಡರೂ, ಸುಯ್ ಎಂಬ ಸದ್ದು ಕೇಳಿದರೂ ಸುಣ್ಣವಿದೆ ಎಂದರ್ಥ. ಈ ಆಮ್ಲಗಳು ದುರ್ಬಲವಾದುದರಿಂದ ಅಲ್ಪ ಪ್ರಮಾಣದ ಸುಣ್ಣ ತಪ್ಪಿಹೋಗಬಹುದು. ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ಇದನ್ನೇ ಖಚಿತವಾಗಿ ಮಾಡಬಹುದು.

5. ನೆನೆಸುವ ಪರೀಕ್ಷೆ: ಇದು ಎಲ್ಲಕ್ಕಿಂತ ಮುಖ್ಯ. ತೊಟ್ಟಿಗೆ ಬಳಸುವ ನೀರನ್ನೇ ಎರಡು ಸ್ವಚ್ಛ ಗಾಜಿನ ಪಾತ್ರೆಗಳಲ್ಲಿ ತೆಗೆದುಕೊಳ್ಳಬೇಕು. ಒಂದಕ್ಕೆ ತೊಳೆದ ಮರಳನ್ನು, ಒಂದು ಭಾಗ ಮರಳಿಗೆ ಎರಡು ಭಾಗ ನೀರಿನ ಪ್ರಮಾಣದಲ್ಲಿ ಹಾಕಬೇಕು. ಇನ್ನೊಂದರಲ್ಲಿ ನೀರು ಮಾತ್ರ ಇರಲಿ. ಏಳು ದಿನಗಳ ನಂತರ ಎರಡರ ಪಿಎಚ್, ಗಡಸುತನ ಮತ್ತು ವಿದ್ಯುತ್ ವಾಹಕತೆಯನ್ನು ಹೋಲಿಸಬೇಕು. ಪಿಎಚ್‌ನಲ್ಲಿ 0.5ಕ್ಕಿಂತ ಹೆಚ್ಚಿನ ವ್ಯತ್ಯಾಸ ಅಥವಾ ವಾಹಕತೆಯಲ್ಲಿ ಎದ್ದುಕಾಣುವ ಏರಿಕೆ ಕಂಡುಬಂದರೆ ಮರಳನ್ನು ತಿರಸ್ಕರಿಸಬೇಕು. ಹೋಲಿಕೆಯ ಪಾತ್ರೆಯಿಲ್ಲದೆ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ. ಬದಲಾವಣೆ ಮರಳಿನದೋ ನೀರಿನದೋ ತಿಳಿಯದು.

6. ಅಯಸ್ಕಾಂತ ಪರೀಕ್ಷೆ: ಒಣ ಮರಳಿನ ಮೇಲೆ ಅಯಸ್ಕಾಂತವನ್ನು ಆಡಿಸಿದಾಗ ಕಬ್ಬಿಣದ ಚೂರು, ತುಕ್ಕು ಅಂಟಿಕೊಂಡರೆ ಆ ಮರಳು ಬೇಡ.

ಈ ಪರೀಕ್ಷೆಗಳಿಂದ ಕೀಟನಾಶಕ ಮತ್ತು ತಾಮ್ರದ ಶೇಷ ಪತ್ತೆಯಾಗುವುದಿಲ್ಲ. ಆದುದರಿಂದಲೇ ಮರಳಿನ ಮೂಲ ತಿಳಿದಿರುವುದು ಅಗತ್ಯ.

ತೊಳೆಯುವ ಮತ್ತು ಹಾಸುವ ವಿಧಾನ

ಒಣ ಸಿಲಿಕಾ ಮರಳಿನ ಧೂಳು ಮನುಷ್ಯರ ಶ್ವಾಸಕೋಶಕ್ಕೆ ಹಾನಿಕರ. ಚೀಲ ಬಿಚ್ಚುವಾಗ ಮತ್ತು ಸುರಿಯುವಾಗ ಮುಖಗವಸು ಧರಿಸಬೇಕು. ಜರಡಿ ಹಿಡಿಯುವ ಕೆಲಸವನ್ನು ಮರಳು ಒದ್ದೆಯಾಗಿದ್ದಾಗಲೇ ಮಾಡಬೇಕು. ಮಕ್ಕಳಿಂದ ಈ ಕೆಲಸ ಮಾಡಿಸಬಾರದು.

ಬಕೆಟ್ಟಿನ ಮೂರನೆಯ ಒಂದು ಭಾಗದಷ್ಟು ಮರಳು ಹಾಕಿ, ಕೊಳವೆಯ ನೀರನ್ನು ತಳದವರೆಗೆ ಬಿಟ್ಟು ಕೈಯಿಂದ ಕಲಕುತ್ತಾ, ಮೇಲೆ ಬರುವ ಕದಡಿದ ನೀರನ್ನು ಬಸಿಯಬೇಕು. ನೀರು ತಿಳಿಯಾಗುವವರೆಗೆ ಇದನ್ನು ಪುನರಾವರ್ತಿಸಬೇಕು. ಸೋಪು, ಡಿಟರ್ಜೆಂಟ್, ಫಿನಾಯಿಲ್‌ಗಳನ್ನು ಬಳಸಲೇಬಾರದು. ಕೊನೆಯಲ್ಲಿ ಕುದಿಯುವ ನೀರು ಹಾಕಿ, ತಣಿದ ನಂತರ ಬಸಿದು, ತೆಳುವಾಗಿ ಹರಡಿ ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿದರೆ ರೋಗಾಣುಗಳ ಭಯ ಕಡಿಮೆಯಾಗುತ್ತದೆ.

ಮರಳಿನ ದಪ್ಪ 1.5ರಿಂದ 2 ಸೆಂ.ಮೀ. ಸಾಕು. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಗೆ 2 ಸೆಂ.ಮೀ. ದಪ್ಪ ಹಾಸಲು ಸುಮಾರು 12ರಿಂದ 13 ಕಿಲೋ ಒಣ ಮರಳು ಬೇಕಾಗುತ್ತದೆ. ಮರಳನ್ನು ಸಮನಾಗಿ ಹರಡಿ, ಅದರ ಮೇಲೆ ತಟ್ಟೆಯೊಂದನ್ನಿಟ್ಟು, ತಟ್ಟೆಯ ಮೇಲೆ ನೀರು ಬೀಳುವಂತೆ ನಿಧಾನವಾಗಿ ತುಂಬಬೇಕು. ಕದಡು ಪೂರ್ಣವಾಗಿ ಕೂತ ನಂತರವೇ ಶೋಧಕವನ್ನು ಚಾಲನೆಗೊಳಿಸಬೇಕು. ಇಲ್ಲದಿದ್ದಲ್ಲಿ ಮರಳು ಪಂಪಿನ ಚಕ್ರವನ್ನು ಸವೆಸುತ್ತದೆ.

ಹೊಸ ತೊಟ್ಟಿಗೆ ಕೂಡಲೇ ಪ್ರಾಣಿಯನ್ನು ಬಿಡಬಾರದು. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಶೋಧಕದಲ್ಲಿಯೂ ಮರಳಿನಲ್ಲಿಯೂ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿದ ನಂತರವೇ ಪ್ರಾಣಿಯನ್ನು ಬಿಡಬೇಕು.

ನಿರ್ವಹಣೆ

ಭತ್ತದ ಗದ್ದೆಯಲ್ಲಿ ನೀರು ನಿಂತ ಕೆಲವೇ ದಿನಗಳಲ್ಲಿ ಮಣ್ಣಿನೊಳಗಿನ ಆಮ್ಲಜನಕ ಮುಗಿದು, ಕ್ರಮೇಣ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟು. ಅದು ಹೈಡ್ರೋಜನ್ ಸಲ್ಫೈಡ್. ದಪ್ಪವಾಗಿ ಹಾಸಿದ, ಕಶ್ಮಲ ಸೇರಿದ ಮರಳಿನಡಿಯಲ್ಲಿಯೂ ಇದೇ ಅನಿಲ ಉತ್ಪತ್ತಿಯಾಗುತ್ತದೆ. ಮರಳನ್ನು ತೆಳುವಾಗಿ ಹಾಸಬೇಕೆನ್ನುವುದಕ್ಕೆ ಇದೇ ಕಾರಣ. ಗಾಜಿನ ಪಕ್ಕದಿಂದ ನೋಡಿದಾಗ ಮರಳಿನಲ್ಲಿ ಕಪ್ಪು ಕಲೆಗಳು ಕಂಡರೆ, ಪ್ರಾಣಿಯನ್ನು ಬೇರೆ ಪಾತ್ರೆಗೆ ವರ್ಗಾಯಿಸಿ ಆ ಭಾಗದ ಮರಳನ್ನು ತೆಗೆಯಬೇಕು.

• ಮಲ ಮತ್ತು ಉಳಿದ ಆಹಾರವನ್ನು ಪ್ರತಿದಿನ ತೆಗೆಯಬೇಕು. ಮರಳು ಸಣ್ಣದಾಗಿದ್ದರೆ ಇವು ಮೇಲ್ಪದರದಲ್ಲಿಯೇ ಉಳಿಯುವುದರಿಂದ ಕೆಲಸ ಸುಲಭ. ಹರಳಿನ ಸಂದುಗಳಲ್ಲಿ ಅವು ಇಳಿದು ಕೊಳೆಯುತ್ತವೆ.
• ವಾರಕ್ಕೊಮ್ಮೆ ಮರಳನ್ನು ಕೈಯಿಂದ ಅಥವಾ ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿ, ನೀರಿನ ಒಂದು ಭಾಗವನ್ನು ಬದಲಿಸಬೇಕು.
• ನಗರ ನೀರು ಸರಬರಾಜಿನ ನೀರಾಗಿದ್ದರೆ ಕ್ಲೋರಿನ್ ನಿವಾರಿಸಿ ಬಳಸಬೇಕು.
• ಆಹಾರವನ್ನು ಮರಳಿನ ಮೇಲೆ ಚೆಲ್ಲದೆ ಇಕ್ಕಳದಿಂದ ಅಥವಾ ಆಳವಿಲ್ಲದ ಬಟ್ಟಲಿನಲ್ಲಿ ನೀಡಬೇಕು. ಇದೊಂದೇ ಕ್ರಮದಿಂದ ಮರಳು ನುಂಗುವುದು ಬಹಳಷ್ಟು ಕಡಿಮೆಯಾಗುತ್ತದೆ.
• ಎರೆಹುಳು ಉತ್ತಮ ಆಹಾರ. ಕೀಟನಾಶಕ ಬಳಸದ ಜಮೀನಿನ ಹುಳುಗಳನ್ನೇ ಆರಿಸಬೇಕು. ಎರೆಗೊಬ್ಬರ ಘಟಕಗಳ ಕೆಂಪು ಹುಳು ಕಹಿ ದ್ರವ ಸ್ರವಿಸುವುದರಿಂದ ಅನೇಕ ಪ್ರಾಣಿಗಳು ಅದನ್ನು ಉಗುಳುತ್ತವೆ.

ಮರಳು ಬೇಡವೆನ್ನುವವರಿಗೆ ಪರ್ಯಾಯ

ಬರಿಯ ಗಾಜಿನ ತಳವು ಶುಚಿಗೊಳಿಸಲು ಅತ್ಯಂತ ಸುಲಭ. ಆದರೆ ಬೆಳೆದ ಪ್ರಾಣಿಗೆ ಕಾಲೂರಲು ಹಿಡಿತ ದೊರೆಯುವುದಿಲ್ಲ. ಒರಟು ಮೇಲ್ಮೈಯ, ಹೊಳಪು ಲೇಪನವಿಲ್ಲದ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಹಾಸಿದರೆ ಹಿಡಿತವೂ ದೊರೆಯುತ್ತದೆ, ನುಂಗುವ ಭಯವೂ ಇಲ್ಲ. ಬಿಲ್ಲೆಗಳ ಅಡಿಯಲ್ಲಿ ಕಶ್ಮಲ ಸೇರದಂತೆ ಆಗಾಗ ಎತ್ತಿ ತೊಳೆಯಬೇಕು. ನಮ್ಮಲ್ಲಿ ನೆಲಹಾಸಿಗೆ ಸುಲಭವಾಗಿ ದೊರೆಯುವ ಶಹಾಬಾದ್ ಕಲ್ಲು ಮತ್ತು ಕಡಪ ಕಲ್ಲುಗಳು ಸುಣ್ಣಕಲ್ಲುಗಳಾದುದರಿಂದ ಅವುಗಳನ್ನು ಬಳಸಬಾರದು.

ಅಪಾಯದ ಲಕ್ಷಣಗಳು

ಹಲವು ದಿನಗಳ ಕಾಲ ಆಹಾರ ನಿರಾಕರಿಸುವುದು, ಮಲ ವಿಸರ್ಜನೆ ನಿಲ್ಲುವುದು, ಹೊಟ್ಟೆ ಉಬ್ಬುವುದು, ತಳಕ್ಕೆ ಇಳಿಯಲಾಗದೆ ತೇಲುವುದು – ಇವು ಕರುಳು ಕಟ್ಟಿರುವ ಲಕ್ಷಣಗಳಾಗಿರಬಹುದು. ಕೆಟ್ಟ ನೀರಿನಿಂದಲೂ ಇವುಗಳಲ್ಲಿ ಕೆಲವು ಕಾಣಿಸುವುದರಿಂದ ಮೊದಲು ನೀರನ್ನು ಪರೀಕ್ಷಿಸಬೇಕು. ಪ್ರಾಣಿಯನ್ನು ಬರಿಯ ತಳದ, ಸ್ವಚ್ಛವಾದ ತಂಪು ನೀರಿನ ಪಾತ್ರೆಗೆ ವರ್ಗಾಯಿಸಿ, ಆಹಾರ ನಿಲ್ಲಿಸಿ, ಎಕ್ಸ್-ರೇ ಸೌಲಭ್ಯವಿರುವ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕಲ್ಲು ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೊಟ್ಟೆಯನ್ನು ಒತ್ತುವುದು, ಎಣ್ಣೆ ಕುಡಿಸುವುದು ಮುಂತಾದ ಮನೆ ಚಿಕಿತ್ಸೆಗಳನ್ನು ಮಾಡಬಾರದು.

ಸಾಕುವ ಮುನ್ನ ತಿಳಿದಿರಬೇಕಾದ ಎರಡು ವಿಷಯಗಳು

ಮೊದಲನೆಯದು ತಾಪಮಾನ. ಈ ಪ್ರಾಣಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ನೀರು ಹಿತ. 24 ಡಿಗ್ರಿ ಮೀರಿದರೆ ಬಳಲುತ್ತದೆ. ನಮ್ಮ ರಾಜ್ಯದ ಬಯಲುಸೀಮೆಯಲ್ಲಿ ನೀರನ್ನು ತಂಪುಗೊಳಿಸುವ ಯಂತ್ರ ಹಾಗೂ ನಿರಂತರ ವಿದ್ಯುತ್ ಇಲ್ಲದೆ ಬೇಸಿಗೆ ದಾಟುವುದು ಕಷ್ಟ. ಮರಳು ಎಷ್ಟೇ ಉತ್ತಮವಾಗಿದ್ದರೂ ಬಿಸಿ ನೀರಿನಲ್ಲಿ ಪ್ರಾಣಿ ಉಳಿಯದು. ಈ ವೆಚ್ಚವನ್ನು ಭರಿಸಲಾಗದವರು ಇದನ್ನು ಸಾಕದಿರುವುದೇ ಲೇಸು.

ಎರಡನೆಯದು ಕಾನೂನು. ಆಕ್ಸೊಲಾಟಲ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಹಾಗೂ 2024ರ ನಿಯಮಗಳ ಪ್ರಕಾರ, ಇಂತಹ ಪ್ರಾಣಿಗಳನ್ನು ಹೊಂದಿರುವವರು ‘ಪರಿವೇಶ್’ ಪೋರ್ಟಲ್ ಮೂಲಕ ನೋಂದಾಯಿಸಬೇಕು; ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ದಾಖಲೆ ನೀಡದ ಮಾರಾಟಗಾರರಿಂದ ಕೊಳ್ಳಬಾರದು. ಮಾರಾಟದ ಉದ್ದೇಶವಿದ್ದಲ್ಲಿ ಬಂಡವಾಳ ಹೂಡುವ ಮುನ್ನವೇ ಅರಣ್ಯ ಇಲಾಖೆಯನ್ನು ವಿಚಾರಿಸಬೇಕು.

ಬಳಸಿದ ಮರಳಿನ ವಿಲೇವಾರಿ

ತೊಟ್ಟಿಯಿಂದ ತೆಗೆದ ಮರಳು ಮತ್ತು ನೀರನ್ನು ಹಳ್ಳ, ಕೆರೆ, ಗದ್ದೆಗಳಿಗೆ ಹಾಕಬಾರದು. ಪ್ರಪಂಚದ ಹಲವೆಡೆ ಕಪ್ಪೆಗಳ ಸಂತತಿಯನ್ನು ನಾಶಮಾಡಿದ ಕೈಟ್ರಿಡ್ ಎಂಬ ಶಿಲೀಂಧ್ರವು ಆಕ್ಸೊಲಾಟಲ್‌ಗಳಲ್ಲಿಯೂ ಕಂಡುಬಂದಿದೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಬೇರೆಲ್ಲಿಯೂ ಇಲ್ಲದ ಕಪ್ಪೆಗಳಿವೆ. ಕೀಟಗಳನ್ನು ತಿಂದು ನಮ್ಮ ಬೆಳೆಗೆ ನೆರವಾಗುವ ಗದ್ದೆಯ ಕಪ್ಪೆಗಳೂ ಇವೆ. ಬಳಸಿದ ಮರಳಿಗೆ ಕುದಿಯುವ ನೀರು ಹಾಕಿ, ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿ, ನೀರಿನ ಮೂಲಗಳಿಂದ ದೂರದ ಒಣ ಜಾಗದಲ್ಲಿ ಹಾಕಬೇಕು. ಸಾಕಲಾಗದ ಪ್ರಾಣಿಯನ್ನು ಹೊರಗೆ ಬಿಡುವುದಂತೂ ಸಲ್ಲದು.

ಮುಖ್ಯಾಂಶಗಳು

• 15 ಸೆಂ.ಮೀ.ಗಿಂತ ಚಿಕ್ಕ ಪ್ರಾಣಿಗೆ ಮರಳು ಬೇಡ.
• ಬೆಳೆದ ಪ್ರಾಣಿಗೆ 1 ಮಿ.ಮೀ.ಗಿಂತ ಚಿಕ್ಕದಾದ, ಉರುಟು ಕಣದ, ಸುಣ್ಣರಹಿತ ಮರಳು. 30/60 ಮೆಶ್ ಸಿಲಿಕಾ ಮರಳು ಉತ್ತಮ.
• ಹರಳುಕಲ್ಲು, ಎಂ-ಸ್ಯಾಂಡ್, ಕಡಲ ಮರಳು, ನರ್ಸರಿ ಮರಳು ಮತ್ತು ಬಣ್ಣದ ಮರಳು ವರ್ಜ್ಯ.
• ಏಳು ದಿನಗಳ ನೆನೆಸುವ ಪರೀಕ್ಷೆ ಕಡ್ಡಾಯ.
• ದಪ್ಪ 2 ಸೆಂ.ಮೀ. ಮೀರದಿರಲಿ; ಪ್ರತಿದಿನ ಶುಚಿಗೊಳಿಸಬೇಕು.
• ಸಂದೇಹವಿರುವ ಮರಳಿಗಿಂತ ಬರಿಯ ತಳವೇ ಕ್ಷೇಮ.

ಮರಳಿನ ಪಿಎಚ್, ಸುಣ್ಣ ಮತ್ತು ವಿದ್ಯುತ್ ವಾಹಕತೆಯ ಪರೀಕ್ಷೆಗಾಗಿ ಸಮೀಪದ ಮಣ್ಣು ಪರೀಕ್ಷಾ ಪ್ರಯೋಗಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನೂ, ಪ್ರಾಣಿಯ ಆರೋಗ್ಯದ ಬಗ್ಗೆ ಪಶುವೈದ್ಯರನ್ನೂ ಸಂಪರ್ಕಿಸಬಹುದು.